ನೋಡಿ ಅನ್ನುವ ಮಾತು

ಬದುಕಿದ್ದಷ್ಟು ದಿನ ಏಕವಚನದಲ್ಲಿ ಕರೆದ ಮನುಷ್ಯನ ಬಗ್ಗೆ ಈಗ ಬಹುವಚನದಲ್ಲಿ ಬರೆಯಲು ಕುಳಿತಿದ್ದೇನೆ. ನಾಚಿಕೆ ಅಲ್ಲಿಂದಲೇ ಶುರು. ಅವರು ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ‘ಲೇ, ಬಾರಲೇ ಇಲ್ಲಿ’ ಎನ್ನುತ್ತಿದ್ದೆ. ಅವರು ‘ಬಂದ್ನಿರಿ ಸರ್’ ಎನ್ನುತ್ತಿದ್ದರು. ಹಾಗೆ ಕರೆಯುವುದು ನನ್ನ ಹುದ್ದೆಗೆ ಶೋಭೆ ಎಂದು ಆಗ ನಾನು ತಿಳಿದಿದ್ದೆ.

ಅವರಿಗೆ ನಾನೊಂದು ಅನ್ಯಾಯ ಮಾಡಿದ್ದೇನೆ. ಅದನ್ನು ಗುಟ್ಟಿನಂತೆ ಕೊನೆಯವರೆಗೆ ಬಚ್ಚಿಡುವುದಿಲ್ಲ. ಅವರ ಬಗ್ಗೆ ಒಂದು ಕಾಗದದಲ್ಲಿ ನಾನು ಸುಳ್ಳು ಸಾಲು ಬರೆದೆ. ಅದನ್ನು ತೆಗೆಸಿ ಎಂದು ಅವರು ಕೇಳಿದರು. ನಾನು ತೆಗೆಸಲಿಲ್ಲ. ಆಮೇಲೆ ಅವರು ತೀರಿಕೊಂಡರು. ಆ ಸಾಲು ಎಂಥ ಸುಳ್ಳು ಎಂಬುದು ಗೊತ್ತಾಗಬೇಕಾದರೆ ಆ ಮನುಷ್ಯ ಹೇಗಿದ್ದರು ಎಂಬುದನ್ನು ಹೇಳಬೇಕು.

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ನಮ್ಮ ಯಾರ್ಡ್ ಇತ್ತು. ಗಣಿಯಿಂದ ಲಾರಿಗಳಲ್ಲಿ ಬಂದ ಅದಿರನ್ನು ತೂಗಿ, ರಾಶಿ ಹಾಕಿ, ರೈಲಿಗೆ ಕಳಿಸುವ ಜಾಗ. ಚೀನಾದಲ್ಲಿ ಅದೇನೋ ದೊಡ್ಡ ಆಟ ನಡೆಯುತ್ತದಂತೆ, ಅದಕ್ಕೆ ಉಕ್ಕು ಬೇಕಂತೆ ಎಂದು ಚಹಾದಂಗಡಿಯಲ್ಲಿ ಮಾತನಾಡಿಕೊಳ್ಳುತ್ತಿದ್ದ ವರ್ಷಗಳು ಅವು. ರಸ್ತೆ ಬದಿಯ ಬೇವಿನ ಮರ ಕೆಂಪು, ನಾಯಿ ಕೆಂಪು, ಡಬ್ಬಿ ತೆರೆದಿಟ್ಟರೆ ಮೊಸರನ್ನವೂ ಕೆಂಪು. ನಾನು ಬಿ.ಎ. ಮುಗಿಸಿ ವೇಬ್ರಿಡ್ಜಿನ ಕ್ಲಾರ್ಕಾಗಿ ಸೇರಿಕೊಂಡಿದ್ದೆ. ಲಾರಿ ಕಬ್ಬಿಣದ ತಟ್ಟೆಯ ಮೇಲೆ ನಿಂತರೆ ಕ್ಯಾಬಿನ್ನಿನಲ್ಲಿ ಕುಳಿತು ಗುಲಾಬಿ ಚೀಟಿಯಲ್ಲಿ ತೂಕ ಬರೆದುಕೊಡುವುದು ನನ್ನ ಕೆಲಸ. ಲಾರಿಯನ್ನು ಆ ತಟ್ಟೆಯ ಮೇಲೆ ಸರಿಯಾಗಿ ನಿಲ್ಲಿಸುವುದು, ಹಿಂದಕ್ಕೆ ತೆಗೆಸುವುದು, ರಾಶಿಯ ಬುಡಕ್ಕೆ ಒಯ್ದು ಸುರಿಸುವುದು ಅವರ ಕೆಲಸ. ಕೆಲಸಕ್ಕೆ ಹೆಸರೇ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ‘ಹೆಲ್ಪರ್’ ಎಂದಿತ್ತು. ಡ್ರೈವರುಗಳೆಲ್ಲ ಅವರನ್ನು ‘ಬಾ ಅಣ್ಣ’ ಎನ್ನುತ್ತಿದ್ದರು.

ಯಾಕೆಂದರೆ ದಿನವಿಡೀ ಅವರ ಬಾಯಿಯಲ್ಲಿ ಬರುತ್ತಿದ್ದದ್ದು ಅದೊಂದೇ ಮಾತು. ‘ಬಾ… ಬಾ… ಬಾ… ಹೋಲ್ಡಾನ್!’ ದನಿ ದೊಡ್ಡದೇನಲ್ಲ. ಆದರೆ ಆ ಮಾತು ಹೊರಡುವ ಮುಂಚೆ ಒಂದು ಶಾಸ್ತ್ರವಿತ್ತು. ಲಾರಿಯ ಹಿಂದೆ ಎಡ ಮೂಲೆಯಿಂದ ಬಲ ಮೂಲೆಗೆ ನಡೆಯುತ್ತಿದ್ದರು. ತಲೆಗೆ ಸುತ್ತಿದ ಟವೆಲ್ಲು ಬೀಳದಂತೆ ಒಂದು ಕೈಯಲ್ಲಿ ಹಿಡಿದು, ಬಗ್ಗಿ ಗಾಲಿಯ ಸಂದಿಯಲ್ಲಿ ನೋಡುತ್ತಿದ್ದರು. ಲಾರಿಯ ನೆರಳಲ್ಲಿ ಮಲಗುವ ನಾಯಿಗಳಿದ್ದವು, ಅದಿರಿನ ಗಟ್ಟಿ ಆಯುವ ಹೆಂಗಸರಿದ್ದರು. ಆಮೇಲೆ ಡ್ರೈವರನ ಕನ್ನಡಿಯಲ್ಲಿ ತಾವು ಕಾಣುವ ಹಾಗೆ ನಿಂತು ಬಲಗೈ ಎತ್ತುತ್ತಿದ್ದರು. ಅಷ್ಟಾದ ಮೇಲೆಯೇ ‘ಬಾ’. ಒಂದು ದಿನಕ್ಕೆ ನೂರಾರು ಲಾರಿ ಬಂದರೂ ನೂರಾರು ಸಲ ಇದೇ ಶಾಸ್ತ್ರ. ಅವರು ಕೈ ಎತ್ತಿದರೆ ಡ್ರೈವರುಗಳು ರೇಡಿಯೋ ಬಂದ್ ಮಾಡುತ್ತಿದ್ದರು.

ಒಮ್ಮೆ ಕೊಪ್ಪಳದ ಕಡೆಯ ವಯಸ್ಸಾದ ಡ್ರೈವರೊಬ್ಬ ಇಳಿದು ಬಂದು ಜಗಳ ತೆಗೆದ. ‘ನಿನಗಿಂತ ಹಿರೇನು ನಾನು. ಬರ್ರಿ ಅನ್ನಾಕ ಏನು ದಾಡಿ?’ ಎಂದ. ಇವರು ನಿಜವಾಗಿಯೂ ಗಾಬರಿಯಾದರು. ‘ಅಯ್ಯ, ನಾ ನಿಮಗ ಅಂದಿಲ್ರೀ, ಲಾರಿಗೆ ಅಂದಿದ್ದು. ನಿಮಗ ಅನ್ನೋದಾದ್ರ ಬರ್ರಿ, ಚಾ ಕುಡಿಯೂಣು’ ಎಂದು ಅವನ ಕೈ ಹಿಡಿದು ಅಂಗಡಿಗೆ ಕರೆದುಕೊಂಡು ಹೋದರು.

ಈ ‘ಬಾ’ ಒಂದು ಹುಚ್ಚಾಗಿ ಅಂಟಿಕೊಂಡದ್ದು ಬಿಹಾರದ ಡ್ರೈವರೊಬ್ಬನಿಂದ. ಅವನು ಯಾರ್ಡಿಗೆ ಹೊಸಬ. ಇವರು ‘ಬಾ ಬಾ’ ಎಂದರೆ ನಗುತ್ತ ಹಿಂದಕ್ಕೆ ತೆಗೆಯುತ್ತಿದ್ದ. ಯಾಕೋ ನಗ್ತೀ ಎಂದು ಕೇಳಿದ್ದಕ್ಕೆ, ನಮ್ಮ ಕಡೆ ಬಾ ಅಂದರೆ ‘ಇದೆ’ ಅಂತ ಅರ್ಥ, ನೀರು ಇದ್ದರೆ ಪಾನಿ ಬಾ, ಮನೆ ಇದ್ದರೆ ಘರ್ ಬಾ, ನೀನು ಬೆಳಗಿನಿಂದ ಇದೆ ಇದೆ ಇದೆ ಅಂತ ಕೂಗುತ್ತಿದ್ದೀಯ, ಏನಿದೆ ಅಂತ ಮಾತ್ರ ಹೇಳುತ್ತಿಲ್ಲ ಎಂದು ಹಿಂದಿಯಲ್ಲಿ ಹೇಳಿದನಂತೆ. ಇವರು ನನ್ನ ಕಿಟಕಿಗೆ ಓಡಿ ಬಂದರು. ಮೈಯೆಲ್ಲ ಕೆಂಪು ಧೂಳು, ಹಲ್ಲು ಮಾತ್ರ ಬಿಳಿ.

‘ಸರ್, ಕೇಳ್ರಿಲ್ಲೆ. ನಮ್ಮಾಗ ಬಾ ಅಂದ್ರ ಇನ್ನಾ ಬರಬೇಕು. ಅವರಾಗ ಬಾ ಅಂದ್ರ ಬಂದು ಕುಂತುಬಿಟ್ಟೈತಿ!’

‘ಹಿಂದ ಲೈನ್ ನಿಂತೈತಿ ನೋಡು’ ಎಂದೆ ನಾನು.

ಹಾಳಾದ ಗುಲಾಬಿ ಚೀಟಿಗಳನ್ನು ನಾನು ಬುಟ್ಟಿಗೆ ಹಾಕುತ್ತಿದ್ದೆ. ಅವನ್ನು ಕೇಳಿ ಒಯ್ದು, ಖಾಲಿ ಬೆನ್ನು ಮೇಲೆ ಬರುವಂತೆ ದಾರದಲ್ಲಿ ಹೊಲಿದು ಪುಸ್ತಕ ಮಾಡಿಕೊಂಡರು. ಹಾಲಿನ ಪ್ಯಾಕೆಟ್ಟು ಕತ್ತರಿಸಿ ರಟ್ಟು ಹಾಕಿದರು. ಮೊದಲ ಪುಟದಲ್ಲಿ ಕನ್ನಡ. ‘ಬಾ ಅಂದ್ರ ಹತ್ರ ಕರಿಯೋದು. ಹೇಳಿದವರು: ನಮ್ಮವ್ವ.’ ಎರಡನೆಯ ಪುಟದಲ್ಲಿ ಬಿಹಾರದ ಡ್ರೈವರ್. ಏಳನೇ ಇಯತ್ತೆಯವರೆಗೆ ಓದಿದ್ದ ಅವರ ಅಕ್ಷರ ದುಂಡಗೆ, ದೊಡ್ಡದಾಗಿತ್ತು. ಭಾಷೆ ಯಾವುದು, ಅರ್ಥ ಏನು, ಹೇಳಿದವರು ಯಾರು, ಎಲ್ಲಿ. ಈ ನಾಲ್ಕೂ ಸಿಕ್ಕದೆ ಏನನ್ನೂ ಬರೆಯುತ್ತಿರಲಿಲ್ಲ.

‘ಹೇಳಿದವರು ಯಾಕೋ? ಅರ್ಥ ಸಾಕಲ್ಲ?’ ಎಂದು ಕೇಳಿದ್ದೆ.

‘ನಾಳೆ ತಪ್ಪಂತ ಯಾರರ ಅಂದ್ರ ಯಾರನ್ನ ಕೇಳ್ಲಿರಿ? ಮಾತಿಗೆ ಒಬ್ಬ ಧಣಿ ಬೇಕಲ್ಲ’ ಎಂದರು.

ಯಾರ್ಡಿನಲ್ಲಿ ಗಟ್ಟಿ ಆಯುತ್ತಿದ್ದ ಲಂಬಾಣಿ ಹೆಂಗಸರು ಸಂಡೂರಿನ ತಾಂಡಾದವರು. ತಮ್ಮಲ್ಲಿ ಬಾ ಅಂದರೆ ಅಪ್ಪ ಎಂದರು. ಅದು ಮೂರನೆಯ ಪುಟ. ಭಾನುವಾರ ಬಂತೆಂದರೆ ಇವರು ಮೈ ತಿಕ್ಕಿ ತೊಳೆದುಕೊಂಡು ಬಿಳಿ ಅಂಗಿ ಹಾಕಿ ಹಂಪಿಯ ಬಸ್ಸು ಹತ್ತುತ್ತಿದ್ದರು. ದೇವರನ್ನೂ ನೋಡುತ್ತಿದ್ದರೇನೋ. ಆದರೆ ಹೋಗುತ್ತಿದ್ದದ್ದು ಜನರನ್ನು ಕೇಳುವುದಕ್ಕೆ. ಹೊಳೆ ದಂಡೆಯಲ್ಲಿ ಹರಿಗೋಲಿಗೆ ಕಾಯುತ್ತ ಕುಳಿತವರ ಹತ್ತಿರ ಹೋಗಿ ಕೈ ಮುಗಿದು, ‘ಬಾ? ಯುವರ್ ಕಂಟ್ರಿ, ಬಾ, ವಾಟ್?’ ಎನ್ನುತ್ತಿದ್ದರಂತೆ. ಅರ್ಧ ಜನ ಭಿಕ್ಷುಕ ಎಂದು ತಿಳಿದು ಮುಖ ತಿರುಗಿಸುತ್ತಿದ್ದರು. ಉಳಿದರ್ಧ ಜನ ನಕ್ಕು ಹೇಳುತ್ತಿದ್ದರು. ಸೋಮವಾರ ಬೆಳಿಗ್ಗೆ ನನ್ನ ಕಿಟಕಿಯಲ್ಲಿ ವರದಿ.

‘ಗುಜರಾತದವರಾಗ ಅವ್ವ ಸರ್. ಐವತ್ತು ವರ್ಷದ ಗಂಡಸು, ಮೀಸಿ ನರತೈತಿ, ಮೆಟ್ಟಲಾ ಇಳ್ಯೋ ಮುದುಕಿಗೆ ಬಾ, ಬಾ ಅಂತ ಕೈ ಕೊಡಾಕತ್ತಿದ್ದ. ನಾ ತಿಳಿದೆ ಕನ್ನಡ ಬಲ್ಲವ ಅಂತ.’

‘ಬಂಗಾಲಿಯವರಾಗ ಅಥವಾ ಅಂತ ಸರ್. ಇದು ಬಾ ಅದು. ಭಾಳ ನಾಜೂಕು ಮಾತು.’

ಇಸ್ರೇಲಿನ ಹುಡುಗಿಯೊಬ್ಬಳು ತನ್ನ ಭಾಷೆಯಲ್ಲಿ ಬಾ ಅಂದರೆ ‘ಬರುತ್ತಾನೆ’ ಎಂದದ್ದು ಅವರ ಜೀವನದ ದೊಡ್ಡ ಘಟನೆಗಳಲ್ಲಿ ಒಂದು. ಒಂದು ವಾರ ಯಾರ್ಡಿಗೆಲ್ಲ ಹೇಳಿಕೊಂಡು ತಿರುಗಿದರು. ನಾನು ಬಿ.ಎ. ಓದಿದವನಲ್ಲವೇ, ಅದು ಬರೀ ಕಾಕತಾಳೀಯ, ಆ ಭಾಷೆಗೂ ನಮಗೂ ಸಂಬಂಧವಿಲ್ಲ ಎಂದು ಬುದ್ಧಿ ಹೇಳಿದೆ.

‘ಸಂಬಂಧ ಇಲ್ಲಂದ್ರ ಏನಾತ್ರಿ, ಗುರುತಾತಲ್ಲ’ ಎಂದರು. ಆಮೇಲೆ ಬೆರಳು ಮಡಚಿ ಎಣಿಸುತ್ತ, ‘ಅವ್ವ, ಅಪ್ಪ, ಐತಿ, ಬರ್ತಾನ… ಒಂದು ಮಾತಿಗೆ ಎಷ್ಟು ಮನಿ ನೋಡ್ರಿ’ ಎಂದರು.

ಅದಿರು ನೋಡಲು ಚೀನಾದವರು ಬಂದ ದಿನ ಮ್ಯಾನೇಜರು ನಮಗೆಲ್ಲ ಇಸ್ತ್ರಿ ಅಂಗಿ ಹಾಕಿಕೊಂಡು ಬರಲು ಹೇಳಿದ್ದರು. ಮೂವರು ಸಾಹೇಬರು ಹೆಲ್ಮೆಟ್ಟು ಹಾಕಿಕೊಂಡು ರಾಶಿಯ ಮುಂದೆ ನಿಂತಿದ್ದಾಗ ಇವರು ಸೀದಾ ಹೋಗಿ ಕೈ ಮುಗಿದು ತಮ್ಮ ಪ್ರಶ್ನೆ ಕೇಳಿಯೇ ಬಿಟ್ಟರು. ಮ್ಯಾನೇಜರ ಮುಖದ ಬಣ್ಣ ಅದಿರನ್ನು ಮೀರಿಸಿತು. ಆದರೆ ಚೀನಾದ ಹಿರಿಯ ಮನುಷ್ಯನಿಗೆ ಖುಷಿಯಾಗಿ, ಹೆಬ್ಬೆರಳು ತೋರುಬೆರಳು ಎರಡನ್ನೇ ಚಾಚಿ ತೋರಿಸಿದ. ‘ಎರಡು?’ ಎಂದರು ಇವರು. ಅಲ್ಲ, ಎಂಟು ಎಂದು ಜೊತೆಗಿದ್ದ ದುಭಾಷಿ ಬಿಡಿಸಿ ಹೇಳಿದ. ಎರಡು ಬೆರಳಿನಲ್ಲಿ ಎಂಟು ತೋರಿಸುವ ಜನರ ಬಗ್ಗೆ ಇವರಿಗೆ ಹುಟ್ಟಿದ ಗೌರವ ಕೊನೆಯವರೆಗೂ ಇಳಿಯಲಿಲ್ಲ.

ನಾನು ಆ ಪುಸ್ತಕಕ್ಕೆ ಒಂದೇ ಒಂದು ಅರ್ಥ ಕೊಟ್ಟಿದ್ದೆ. ಜರ್ಮನಿಯಲ್ಲಿ ಬಾ ಅಂದರೆ ಉಪ್ಪು ಎಂದೆ. ಸುಮ್ಮನೆ, ಚೇಷ್ಟೆಗೆ. ಅವರು ಭಯಭಕ್ತಿಯಿಂದ ಬರೆದುಕೊಂಡರು: ‘ಹೇಳಿದವರು: ವೇಬ್ರಿಡ್ಜ್ ಸರ್.’ ನಾನೂ ಟ್ರಾನ್ಸ್‌ಪೋರ್ಟಿನ ಹುಡುಗರೂ ಎರಡು ದಿನ ನಕ್ಕೆವು. ತಿಂಗಳಾದ ಮೇಲೆ ಪುಸ್ತಕ ತಿರುವಿ ನೋಡಿದರೆ ‘ಉಪ್ಪು’ ಎಂಬ ಮಾತನ್ನು ಒಂದು ಗೆರೆಯಿಂದ ಹೊಡೆದು ಹಾಕಿದ್ದರು. ಹಂಪಿಯಲ್ಲಿ ಯಾರೋ ಜರ್ಮನಿಯವರು ಸಿಕ್ಕಿರಬೇಕು. ನನ್ನ ಹೆಸರನ್ನು ಮಾತ್ರ ಹಾಗೇ ಬಿಟ್ಟಿದ್ದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ.  ಮುಂದೆ ನಾನು ಬರೆದ ದೊಡ್ಡ ಸುಳ್ಳಿಗೆ ಇದು ರೂಢಿ ಮಾಡಿಕೊಟ್ಟಿತೇನೋ ಎಂದು ಈಗ ಅನ್ನಿಸುತ್ತದೆ.

ಲಾರಿಗಳು ಹೆಚ್ಚಾದವು. ಸಾಲು ಮುಖ್ಯ ರಸ್ತೆ ಮುಟ್ಟತೊಡಗಿತು. ಆಗ ಕಂಪನಿಯವರು ನನ್ನ ಕ್ಯಾಬಿನ್ನಿಗೆ ಒಂದು ಮೈಕು ಕೊಟ್ಟರು. ತಟ್ಟೆಯ ಆಚೆಯ ಕಂಬಕ್ಕೆ ಸ್ಪೀಕರು. ಲಾರಿ ನಂಬರು ಕೂಗಿ ಜಲ್ದಿ ಮಾಡಿಸಲಿಕ್ಕೆ. ಮೈಕು ಬಂದ ದಿನ ನಾನು ಎಷ್ಟು ಕೂಗಿದೆನೆಂದರೆ ಸಂಜೆ ಗಂಟಲು ಕಟ್ಟಿತ್ತು. ಇವರು ಕಿಟಕಿಗೆ ಬಂದು ಟವೆಲ್ಲು ತೆಗೆದು ಕಂಕುಳಲ್ಲಿಟ್ಟುಕೊಂಡು ನಿಂತರು. ಏನಾದರೂ ಕೇಳಿಕೊಳ್ಳುವಾಗ ಹಾಗೆ ನಿಲ್ಲುತ್ತಿದ್ದರು.

‘ಸರ್, ಮೈಕಿನಾಗ ನಂಬರ್ ಕರೀರಿ. ಚಾ ಹೇಳ್ರಿ. ಬೇಕಾದ್ರ ನನ್ನ ಬೈರಿ. ಬಾ ಅಂತ ಮಾತ್ರ ಅನಬ್ಯಾಡ್ರಿ. ಅದು ನೋಡಿ ಅನ್ನೋ ಮಾತು. ನೀವು ಕುಂತಲ್ಲಿಂದ ಹಿಂದಿನ ಗಾಲಿ ಕಾಣೂದಿಲ್ಲ.’

‘ಆಯ್ತು ಹೋಗಪ್ಪ, ನೀನೇ ಅಂದ್ಕೋ ನಿನ್ನ ಬಾ’ ಎಂದು ಕಳಿಸಿದೆ.

ಮೈಕು ಬಂದ ಕೆಲವು ದಿನಕ್ಕೆ, ಒಂದು ಬೆಳಿಗ್ಗೆ ರೈಲು ಬಂದು ನಿಂತಿತ್ತು. ಮ್ಯಾನೇಜರು ಹತ್ತು ನಿಮಿಷಕ್ಕೊಮ್ಮೆ ಫೋನು ಮಾಡಿ ಉಗಿಯುತ್ತಿದ್ದರು. ಹನ್ನೊಂದು ಗಂಟೆಯ ಹೊತ್ತಿಗೆ ಬಂದ ಲಾರಿ ತಟ್ಟೆಯಿಂದ ಮುಂದಕ್ಕೆ ಹೋಗಿಬಿಟ್ಟಿತು, ಮುಂದಿನ ಗಾಲಿ ಹೊರಗೆ. ಒಂದು ಮಾರು ಹಿಂದಕ್ಕೆ ಬರಬೇಕು. ಅದೇ ಬಿಹಾರದ ಡ್ರೈವರು. ಇವರು ಲಾರಿಯ ಹಿಂದೆ ಹೋದದ್ದನ್ನು ನಾನು ಕಂಡೆ. ಅವರ ಶಾಸ್ತ್ರ ನಡೆಯುತ್ತಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಫೋನು ಮತ್ತೆ ಹೊಡೆದುಕೊಂಡಾಗ, ನಾನು ಮೈಕಿನ ಗುಂಡಿ ಒತ್ತಿ ‘ಬಾ ಬಾ ಬಾ, ಜಲ್ದಿ ಬಾ’ ಎಂದೆ.

ಲೋಡಿನಿಂದ ಉದುರಿದ ಒಂದು ಅದಿರಿನ ಗಟ್ಟಿ ಹಿಂದಿನ ಗಾಲಿಗೆ ಅಡ್ಡವಾಗಿತ್ತಂತೆ. ಅದನ್ನು ಎತ್ತಲು ಅವರು ಬಗ್ಗಿದ್ದರು. ಲಾರಿ ಬಂತು. ಮೈಯನ್ನು ಹೊರಕ್ಕೆ ಎಳೆದುಕೊಂಡರು, ಬಲಗಾಲು ಗಾಲಿಯ ಕೆಳಗೇ ಉಳಿಯಿತು. ಅವರು ಕೂಗಿದ್ದು ಕೂಡ ಸ್ಪೀಕರಿನ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ. ಲಂಬಾಣಿ ಹೆಂಗಸರು ಓಡಿದ್ದು ಕಂಡಿತು, ಆಗ ತಿಳಿಯಿತು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಪಾದ ತೆಗೆದರು. ಇತ್ತ ಯಾರ್ಡಿನಲ್ಲಿ ಅಂದೇ ಮಧ್ಯಾಹ್ನ ಮೈಕು, ಸ್ಪೀಕರು, ವೈರು ಎಲ್ಲ ಬಿಚ್ಚಿದರು. ಮ್ಯಾನೇಜರು ನನ್ನನ್ನು ಒಳಗೆ ಕೂರಿಸಿಕೊಂಡು ಮೆತ್ತಗೆ ಹೇಳಿದರು: ‘ನೀನು ಮೈಕಿನಾಗ ಕರದಿ ಅಂತ ಬಂದ್ರ ನಿನ್ನ ಮ್ಯಾಲ ಕೇಸಾಕ್ಕೈತಿ. ನಿನಗ ಮದುವಿ ಬ್ಯಾರೆ ಗೊತ್ತಾಗೈತಿ. ವಿಚಾರಣೆಗೆ ಬರ್ತಾರ, ಒಂದು ಹೇಳಿಕೆ ಬರದಿಡು.’ ಏನು ಬರೆಯಬೇಕೆಂದು ಅವರು ಹೇಳಲಿಲ್ಲ. ಅದು ಹೊಳೆದದ್ದು ನನಗೇ. ಗಾಲಿಯ ಪಕ್ಕದಲ್ಲಿ ಬಿದ್ದಿದ್ದ ಗುಲಾಬಿ ಚೀಟಿಯ ಪುಸ್ತಕವನ್ನು ಯಾರೋ ತಂದು ನನ್ನ ಮೇಜಿನ ಮೇಲೆ ಇಟ್ಟಿದ್ದರು. ಅದನ್ನು ನೋಡುತ್ತ ಬರೆದೆ: ‘ಸದರಿ ಕಾರ್ಮಿಕನು ಕರ್ತವ್ಯದ ವೇಳೆಯಲ್ಲಿ ಪುಸ್ತಕದಲ್ಲಿ ಬರೆಯುತ್ತ ನಿಂತಿದ್ದು, ಹಿಂಬದಿಯನ್ನು ನೋಡದೆ ತಾನೇ ಲಾರಿಯನ್ನು ಬಾ ಎಂದು ಕರೆದ ಕಾರಣ ಅಪಘಾತ ಸಂಭವಿಸಿರುತ್ತದೆ. ಪುಸ್ತಕವನ್ನು ಲಗತ್ತಿಸಿದೆ.’ ಕಾಲೇಜಿನಲ್ಲಿ ನನ್ನ ಕನ್ನಡ ಚೆನ್ನಾಗಿದೆ ಎಂದು ಎಲ್ಲರೂ ಹೊಗಳುತ್ತಿದ್ದರು. ಒಂದು ಅಕ್ಷರವೂ ಹೊಡೆದು ತಿದ್ದದೆ ಒಂದೇ ಉಸಿರಿನಲ್ಲಿ ಬರೆದೆ.

ಬಿಹಾರದ ಡ್ರೈವರು ಸ್ಪೀಕರಿನಲ್ಲಿ ಕೇಳಿದ್ದಾಗಿ ಹಿಂದಿಯಲ್ಲಿ ಕೂಗಾಡಿದ. ಅವನ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ವಾರದೊಳಗೆ ಅವನು ಬೇರೆ ಯಾರ್ಡಿಗೆ ಹೋದ. ಇವರ ಕೆಲಸ ಹೋಯಿತು. ನನ್ನ ಮದುವೆ ಆಯಿತು.

ಮೂರು ತಿಂಗಳಾದ ಮೇಲೆ ಒಂದು ದಿನ ಅವರು ಊರುಗೋಲು ಹಿಡಿದು ಯಾರ್ಡಿನ ಎದುರಿನ ಚಹಾದಂಗಡಿಗೆ ಬಂದು ಹೇಳಿ ಕಳಿಸಿದರು. ಹೋದೆ. ಮೈ ತೊಳೆದ ಅವರನ್ನು ವಾರದ ದಿನ ನೋಡಿದ್ದು ಅದೇ ಮೊದಲು. ಬಣ್ಣವೇ ಬೇರೆ. ನಾನು ಬಂದದ್ದನ್ನು ಕಂಡು ಏಳಲು ನೋಡಿದರು, ಆಗಲಿಲ್ಲ.

‘ಕೆಲಸ ಕೊಡಸ್ರಿ ಅಂತ ಕೇಳಾಕ ಬಂದಿಲ್ರಿ ಸರ್. ಈ ಕಾಲಿಗೆ ಯಾರು ಕೊಡ್ತಾರ. ನಾ ನೋಡದ ಬಾ ಅಂದೆ ಅಂತ ಕಾಗದದಾಗ ಐತಂತ. ಅದೊಂದು ಸಾಲು ತೆಗಸ್ರಿ. ಹತ್ತು ವರ್ಷ ಕರದೀನಿ, ಒಂದು ನಾಯಿಮರಿಗೆ ಗಾಲಿ ಮುಟ್ಟಿಲ್ಲ. ನನ್ನ ಕೈಯಾಗ ಇದ್ದದ್ದು ಅದೊಂದು.’

ನಾನು ಕಂಬಕ್ಕೆ ಅಂಟಿಸಿದ್ದ ಸಿನಿಮಾ ಪೋಸ್ಟರನ್ನು ನೋಡುತ್ತ, ‘ನೋಡೋಣ’ ಎಂದೆ.

‘ಯಾರು ಅಂದ್ರು ಅಂತ ನೀವು ಬರೀಬ್ಯಾಡ್ರಿ. ನಾ ಅಂದಿಲ್ಲ ಅಂತ ಅಷ್ಟ ಬರದ್ರ ಸಾಕು’ ಎಂದರು. ನನ್ನನ್ನು ಉಳಿಸಲು ಅವರು ದಾರಿಯನ್ನೂ ಹುಡುಕಿಟ್ಟುಕೊಂಡು ಬಂದಿದ್ದರು. ಆಮೇಲೆ ಪುಸ್ತಕ ಕೇಳಿದರು. ಅದು ಫೈಲಿನ ಜೊತೆ ಹೆಡ್ಡಾಫೀಸಿಗೆ ಹೋಗಿದೆ ಎಂದೆ. ವಿಚಾರಣೆ ಮುಗಿದು ಅದು ನನ್ನ ಡ್ರಾಯರಿಗೆ ವಾಪಸು ಬಂದು ತಿಂಗಳಾಗಿತ್ತು. ಯಾಕೆ ಕೊಡಲಿಲ್ಲವೆಂದರೆ, ಕೊಡಲು ಅವರ ಮುಂದೆ ಇನ್ನೊಂದು ಸಲ ನಿಲ್ಲಬೇಕಾಗುತ್ತಿತ್ತು.

ಆಮೇಲೆ ನಾನು ಅವರಿಂದ ತಪ್ಪಿಸಿಕೊಂಡು ಓಡಾಡುವುದರಲ್ಲಿ ನುರಿತವನಾದೆ. ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಯಾವ ಊರುಗೋಲು ಕಂಡರೂ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದೆ. ಒಮ್ಮೆ ಹೆಂಡತಿ, ಅತ್ತೆ, ಮಾವನವರನ್ನು ಹಂಪಿ ತೋರಿಸಲು ಕರೆದೊಯ್ದಿದ್ದೆ. ಹೊಳೆಯ ಮೆಟ್ಟಿಲ ಮೇಲೆ ಅವರು ಕುಳಿತಿದ್ದರು. ಅದೇ ಬಿಳಿ ಅಂಗಿ. ಪಕ್ಕದಲ್ಲಿ ಕುಳಿತ ವಿದೇಶಿ ಮುದುಕನನ್ನು ಏನೋ ಕೇಳುತ್ತಿದ್ದರು. ಬರೆದುಕೊಳ್ಳಲು ಕೈಯಲ್ಲಿ ಏನೂ ಇರಲಿಲ್ಲ. ನಾನು ಮಂಟಪದ ಕಂಬದ ಹಿಂದೆ ನಿಂತುಬಿಟ್ಟೆ. ‘ಏನ್ರೀ, ಹೊಳಿಗೆ ಇಳಿಯೂದಿಲ್ಲೇನು?’ ಎಂದು ಹೆಂಡತಿ ಕೇಳಿದಳು. ತಲೆ ಸುತ್ತುತ್ತದೆ ಎಂದೆ. ಮೂವರೂ ಗಾಬರಿಯಾಗಿ ನನಗೆ ಗಾಳಿ ಹಾಕಿದರು. ಅಷ್ಟು ದೂರದ ಊರಿನಿಂದ ಬಂದ ಹಿರಿಯರು ಹೊಳೆ ಮುಟ್ಟದೆ ವಾಪಸಾದರು.

ಅವರು ತೀರಿಕೊಂಡ ಸುದ್ದಿ ಚಹಾದಂಗಡಿಯವನಿಂದ ತಿಳಿಯಿತು. ಯಾವುದೋ ಜ್ವರ, ನಾಲ್ಕೇ ದಿನ. ಸತ್ತು ಎರಡು ವಾರವಾಗಿತ್ತು. ಲಾರಿಗಳು ಆಗಲೂ ಅದೇ ಭರದಲ್ಲಿ ಓಡುತ್ತಿದ್ದವು. ಸುದ್ದಿ ಕೇಳಿದ ಗಳಿಗೆಯಲ್ಲಿ ನನಗೆ ಮೊದಲು ಆದದ್ದು ದುಃಖವಲ್ಲ. ಇನ್ನು ಬಸ್‌ಸ್ಟ್ಯಾಂಡಿನಲ್ಲಿ ಆಚೆ ಬದಿಗೆ ಹೋಗಬೇಕಾಗಿಲ್ಲ ಎಂಬ ನೆಮ್ಮದಿ. ಅದು ನೆಮ್ಮದಿ ಎಂದು ಗೊತ್ತಾದ ಮೇಲೆ ನನ್ನ ಮೇಲೆ ನನಗೇ ಅಸಹ್ಯ ಹುಟ್ಟಿತು. ಡ್ರಾಯರಿನಿಂದ ಪುಸ್ತಕ ತೆಗೆದುಕೊಂಡು ಮಾರನೆಯ ದಿನ ಕಾರಿನಲ್ಲಿ ಹೊರಟೆ.

ಅವರ ಊರು ಕಂಪ್ಲಿಯ ಆಚೆಯ ಎಮ್ಮಿಗನೂರು. ದಾರಿಯುದ್ದಕ್ಕೂ ಭತ್ತ, ಕಬ್ಬು. ಕಣ್ಣು ಹಸಿರನ್ನು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಮನೆ ಕಾಲುವೆ ಪಕ್ಕದ ಸಣ್ಣ ಓಣಿಯ ತುದಿಯಲ್ಲಿತ್ತು. ಅವರ ಹೆಂಡತಿ ಬಾಗಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದರು. ಅಂಗನವಾಡಿಯಲ್ಲಿ ಕಲಿಸುವ ಮಗಳು ಒಳಗಿನಿಂದ ಬಂದಳು. ಯಾರು ಎಂದು ಕೇಳಿದಳು. ವೇಬ್ರಿಡ್ಜಿನ ಕ್ಲಾರ್ಕು ಎಂದೆ. ತಾಯಿ ಮೊರ ಕೆಳಗಿಟ್ಟರು.

ಯಾರೂ ಬರ್ರಿ ಎನ್ನಲಿಲ್ಲ. ಕುಂದ್ರಿ ಎನ್ನಲಿಲ್ಲ. ಆ ಕಡೆಯ ಮನೆಗಳಲ್ಲಿ ವೈರಿ ಬಂದರೂ ಅನ್ನುವ ಮಾತು ಅವೆರಡು.

ನಿಂತುಕೊಂಡೇ ಪುಸ್ತಕ ಕೊಟ್ಟೆ. ಕಾರಿನಲ್ಲಿ ನೂರು ಸಲ ಹೇಳಿಕೊಂಡಿದ್ದನ್ನು ಒಂದು ಸಲ ಹೇಳಿದೆ: ‘ಆವತ್ತು ಅವರು ಕರೆದಿಲ್ಲ. ಮೈಕಿನಲ್ಲಿ ನಾನು ಕರೆದೆ.’

ತಾಯಿ ನನ್ನನ್ನೇ ನೋಡುತ್ತ ಹೇಳಿದರು: ‘ಅದು ಯಾರಿಗೆ ಗೊತ್ತಿಲ್ರೀ? ಮೈಕಿನಾಗ ಅಂದದ್ದು ಊರಿಗೆಲ್ಲಾ ಕೇಳ್ತೈತಿ. ಡ್ರೈವರ್ ಮಂದಿ ಇಲ್ಲಿ ತನಕ ಬಂದು ಹೇಳಿ ಹೋದ್ರು. ಗೊತ್ತಿರಲಾರದ್ದು ನಿಮ್ಮ ಕಾಗದಕ್ಕ ಅಷ್ಟ.’

ಮೂರು ವರ್ಷ ನಾನು ಬಚ್ಚಿಟ್ಟುಕೊಂಡದ್ದು ಎಲ್ಲರಿಗೂ ಗೊತ್ತಿದ್ದ ಸಂಗತಿ. 

ಮಗಳು ಪುಟ ತಿರುವುತ್ತಿದ್ದಳು. ಅಪ್ಪನ ಅಕ್ಷರದ ಮೇಲೆ ಬೆರಳಾಡಿಸಿದಳು. ಖಾಲಿ ಚೀಟಿ ಬಂದಾಗ ನಿಲ್ಲಿಸಿ, ಒಳಗಿನಿಂದ ಪೆನ್ನು ತಂದು, ಪುಸ್ತಕವನ್ನೂ ಪೆನ್ನನ್ನೂ ನನ್ನ ಮುಂದೆ ಹಿಡಿದಳು. ‘ಇದರಾಗ ಬರೀರಿ’ ಎಂದಳು.

ಗೋಡೆಗೆ ಒತ್ತಿ ಬರೆದೆ. ‘ಅಪಘಾತದ ದಿನ ಅವರು ಲಾರಿಯನ್ನು ಕರೆದಿಲ್ಲ. ಕರೆ ಬಂದದ್ದು ಕ್ಯಾಬಿನ್ನಿನಿಂದ.’ ಓದಿದಳು. ವಾಪಸು ಕೊಟ್ಟಳು.

‘ಕ್ಯಾಬಿನ್ನಿಗೆ ಬಾಯಿ ಇರ್ತೈತೇನ್ರಿ? ನಮ್ಮಪ್ಪ ಹೇಳಿದವರು ಯಾರಂತ ಬರೀದ ಏನೂ ಬರೀತಿರಲಿಲ್ಲ.’

ಕೆಳಗೆ ಬರೆದೆ. ‘ನೋಡದೆ ಬಾ ಎಂದದ್ದು ನಾನು.’ ಆಮೇಲೆ ‘ಹೇಳಿದವರು’ ಎಂದು ಬರೆದು ನನ್ನ ಪೂರ್ತಿ ಹೆಸರು, ತಂದೆಯ ಹೆಸರು, ಊರು ಬರೆದೆ. ಅವಳು ಅದನ್ನು ತಾಯಿಗೆ ಗಟ್ಟಿಯಾಗಿ ಓದಿ ಹೇಳಿದಳು. ತಾಯಿ ‘ಇನ್ನೊಮ್ಮೆ ಓದು’ ಎಂದರು. ಇನ್ನೊಮ್ಮೆ ಓದಿದಳು. ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಮೊರ ಎತ್ತಿಕೊಂಡರು. ಪಕ್ಕದ ಮನೆಯ ಜಗುಲಿಯಲ್ಲಿ ಇಬ್ಬರು ಎದ್ದು ನಿಂತು ಕೇಳುತ್ತಿದ್ದರು. ಅವರ ಕಣ್ಣೆದುರಿನಲ್ಲೇ ನಾನು ಕಾರಿನವರೆಗೆ ನಡೆದೆ.

ಓಣಿಯಲ್ಲಿ ಕಾರು ತಿರುಗಿಸಲು ಜಾಗವಿರಲಿಲ್ಲ. ಒಂದು ಬದಿ ಗೋಡೆ, ಇನ್ನೊಂದು ಬದಿ ತುಂಬಿ ಹರಿಯುವ ಕಾಲುವೆ. ಬಂದಷ್ಟೂ ದೂರ ಹಿಂದಕ್ಕೇ ಹೋಗಬೇಕು. ಗಾಡಿ ಚಾಲೂ ಮಾಡಿ ಕನ್ನಡಿ ನೋಡುತ್ತ ಕುಳಿತಿದ್ದೆ. ‘ನಿಲ್ರಿ’ ಎಂಬ ದನಿ ಕೇಳಿತು. ಮಗಳು ಕಾರು ದಾಟಿ ಹಿಂದಕ್ಕೆ ಹೋದಳು. ಎಡ ಮೂಲೆಯಿಂದ ಬಲ ಮೂಲೆಗೆ ನಡೆದಳು. ಬಗ್ಗಿ ಗಾಲಿಯ ಸಂದಿಯಲ್ಲಿ ನೋಡಿದಳು. ಒಂದು ಇಟ್ಟಿಗೆ ಚೂರನ್ನು ಎತ್ತಿ ಕಾಲುವೆಗೆ ಎಸೆದಳು. ಆಮೇಲೆ ನನ್ನ ಕನ್ನಡಿಯಲ್ಲಿ ಕಾಣುವ ಹಾಗೆ ನಿಂತು ಬಲಗೈ ಎತ್ತಿದಳು.

‘ಬಾ’ ಎಂದಳು. ಬರ್ರಿ ಎನ್ನಲಿಲ್ಲ, ಅದು ಕಾರಿಗೆ ಅಂದದ್ದು. ‘ಬಾ… ಬಾ… ಬಾ…’

ಕ್ಷಮಿಸಿದ ಮುಖವಲ್ಲ ಅದು. ಕೆಲಸದ ಮುಖ. ಕಣ್ಣು ತುಂಬಿ ಕನ್ನಡಿ ಮಂಜಾಗಿತ್ತು. ಗೋಡೆಯೂ ಕಾಣಲಿಲ್ಲ, ಕಾಲುವೆಯೂ ಕಾಣಲಿಲ್ಲ. ಆ ದನಿಯನ್ನೇ ಹಿಡಿದು ಓಣಿಯ ಬಾಯಿಯವರೆಗೆ ಹಿಂದಕ್ಕೆ ಬಂದೆ. ನಾನು ನೋಡುತ್ತಿರಲಿಲ್ಲ. ಅವಳು ನೋಡುತ್ತಿದ್ದಳು.